ಜೀಬ್ರಾ ಫಿಂಚ್ ಜೊತೆಗೆ ಯಾರು? ಬಡ್ಜಿ, ಬೆಂಗಾಲೀಸ್, ಕಾಕಟೀಲ್ ಮೂರನ್ನೂ ಬಿಟ್ಟು ನೋಡಿದೆ

ತಾರಸಿ ಮೇಲೆ 6 ಅಡಿ ಉದ್ದ, 4 ಅಡಿ ಅಗಲದ ಜಾಲರಿ ಮನೆ ಕಟ್ಟಿಸಿದ್ದೇನೆ. ಒಳಗೆ ನಿಂತೇ ಗುಡಿಸಬಹುದು, ಅಷ್ಟು ಎತ್ತರ. ಕಾಳು ತಿನ್ನುವ ಪುಟ್ಟ ಹಕ್ಕಿಗಳಾದ ಜೀಬ್ರಾ ಫಿಂಚ್‌ಗಳು ಅಲ್ಲಿನ ಹಳೇ ಒಕ್ಕಲು. ಜೊತೆಗೆ ಯಾರನ್ನು ಬಿಡುವುದು ಅನ್ನುವುದರಲ್ಲೇ ಎರಡು ವರ್ಷ ಕಳೆಯಿತು.

ಮೊದಲು ಬಡ್ಜಿ. ನಮ್ಮ ಕಡೆ ಅಂಗಡಿಯಲ್ಲಿ ‘ಲವ್ ಬರ್ಡ್ಸ್’ ಅಂತ ಮಾರುವುದು ಇದನ್ನೇ. ನಿಜವಾದ ಲವ್‌ಬರ್ಡ್ ಆಫ್ರಿಕಾದ್ದು. ಅದನ್ನು ಫಿಂಚ್ ಜೊತೆ ಬಿಡುವ ಯೋಚನೆಯೇ ಬೇಡ, ಕೊಕ್ಕು ಅಂಥದ್ದು. “ಬಡ್ಜಿನೂ ಆಸ್ಟ್ರೇಲಿಯಾದ್ದೇ, ಫಿಂಚೂ ಆಸ್ಟ್ರೇಲಿಯಾದ್ದೇ, ಎರಡೂ ನವಣೆ ತಿನ್ನೋದು, ಹೊಂದ್ಕೊಳ್ತವೆ ಬಿಡಿ ಸಾರ್” ಅಂದರು ಅಂಗಡಿಯವರು. ನವಣೆ ಬಟ್ಟಲಿನವರೆಗೆ ಆ ಮಾತು ಸರಿ. ಆದರೆ ಬಡ್ಜಿ 30–40 ಗ್ರಾಂ, ಫಿಂಚ್ 12 ಗ್ರಾಂ ಆಸುಪಾಸು. ಬಡ್ಜಿಗೆ ದ್ವೇಷ ಅಂತೇನಿಲ್ಲ, ಕಂಡದ್ದನ್ನೆಲ್ಲ ಕಚ್ಚಿ ನೋಡುವ ಚಟ. ಬೆತ್ತದ ಗೂಡಿನ ಬಾಯಿಯನ್ನು ಕಡಿದು ಕಡಿದು ಹಿಗ್ಗಿಸಿ, ಮೊಟ್ಟೆ ನೆಲಕ್ಕೆ ಉರುಳಿದವು. ಆಮೇಲೊಂದು ಬೆಳಿಗ್ಗೆ ಹೆಣ್ಣು ಫಿಂಚ್ ಒಂಟಿ ಕಾಲಲ್ಲಿ ಕೂತಿತ್ತು. ಹಿಡಿದು ನೋಡಿದರೆ ನಡುಬೆರಳಿನ ಉಗುರಿಲ್ಲ, ತುದಿಯಲ್ಲಿ ಕರಿಗಟ್ಟಿದ ರಕ್ತ. ಬಡ್ಜಿಗಳು ಅವತ್ತೇ ಬೇರೆ ಪಂಜರ ಸೇರಿದವು.

ಬೆಂಗಾಲೀಸ್ ಬಂದಾಗ ಕಥೆ ತಿರುಗಾಮುರುಗಾ. ಇದೂ ಒಂದು ಫಿಂಚ್, ನಮ್ಮ ಗದ್ದೆಯ ರಾಟವಾಳದ (ಮುನಿಯಾ) ಕುಲದ್ದೇ, ಆದರೆ ಮನುಷ್ಯರ ಕೈಯಲ್ಲೇ ತಲೆಮಾರುಗಟ್ಟಲೆ ಬೆಳೆದು ಬಂದ ತಳಿ. (ಗದ್ದೆಯ ರಾಟವಾಳ ಹಿಡಿದು ಸಾಕಿದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಯಾರಾದರೂ ಕೊಟ್ಟರೂ ತರಬೇಡಿ.) ಪಾಪದ ಹಕ್ಕಿ, ರಾತ್ರಿ ಎಲ್ಲವೂ ಒಂದೇ ಗೂಡಿಗೆ ತುರುಕಿಕೊಂಡು ಮಲಗುತ್ತವೆ. ಇಲ್ಲಿ ರೌಡಿ ಯಾರೆಂದರೆ ನಮ್ಮ ಜೀಬ್ರಾಗಳೇ! ಗೂಡಿಗೆ ಮೆತ್ತೆ ಬೇಕೆಂದು ಬೆಂಗಾಲೀಸ್ ಬೆನ್ನಿನ ಪುಕ್ಕವನ್ನೇ ಕಿತ್ತೊಯ್ದವು. ತಿಂಗಳೊಳಗೆ ಎರಡರ ಬೆನ್ನು ಬೋಳು. ತೆಂಗಿನ ನಾರು, ಒಣಹುಲ್ಲು ಧಾರಾಳವಾಗಿ ಹಾಕಿದ ಮೇಲೆ ಕಾಟ ಕಡಿಮೆಯಾಯಿತು, ನಿಲ್ಲಲಿಲ್ಲ. ನಾರನ್ನು ಬೆರಳುದ್ದಕ್ಕೆ ಕತ್ತರಿಸಿ ಹಾಕಿ, ಉದ್ದ ಬಿಟ್ಟರೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ಕಾಕಟೀಲ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಅದೇ ಒಳ್ಳೆಯ ಸುದ್ದಿ. 80–100 ಗ್ರಾಂ ತೂಗುವ ಈ ಜುಟ್ಟಿನ ಗಿಳಿ ಪುಟಾಣಿ ಫಿಂಚ್‌ಗಳನ್ನು ಓಡಿಸಿಬಿಡುತ್ತದೆ ಅಂದುಕೊಂಡಿದ್ದೆ. ಆದರೆ ಫಿಂಚ್ ಬಟ್ಟಲಿಗೆ ಬಂದರೆ ಕಾಕಟೀಲೇ ಪಕ್ಕಕ್ಕೆ ಸರಿಯುತ್ತದೆ. ಕಿರಿಕಿರಿ ಎರಡು: ರೆಕ್ಕೆಯಿಂದ ಉದುರುವ ಬಿಳಿ ಪುಡಿ, ಮತ್ತು ಕತ್ತಲಲ್ಲಿ ಬೆಚ್ಚಿ ಜಾಲರಿಗೆ ಬಡಿದುಕೊಳ್ಳುವುದು. ಅದಕ್ಕೆ ರಾತ್ರಿಯಿಡೀ ಒಂದು ಜೀರೋ ಬಲ್ಬ್ ಉರಿಯುತ್ತದೆ.

ಈ ಎಲ್ಲ ಹಕ್ಕಿಗಳಿಗೂ ಸುಣ್ಣದಂಶಕ್ಕೆ ಬೇಕಾದದ್ದು ಸಮುದ್ರ ನೊರೆ (ಕಟಲ್‌ಫಿಶ್ ಎಂಬ ಕಡಲ ಜೀವಿಯ ಒಳಚಿಪ್ಪು), ಗ್ರಂಥಿಗೆ ಅಂಗಡಿಯಲ್ಲಿ ಅಗ್ಗ. ಬಟ್ಟಲ ಮೇಲಿನ ಹೊಟ್ಟನ್ನು ದಿನಾ ಊದಿ. ತುಂಬಿದ ಹಾಗೆ ಕಂಡರೂ ಅಡಿಯಲ್ಲಿ ಕಾಳೇ ಇರುವುದಿಲ್ಲ.

ಈಗ ಜಾಲರಿ ಮನೆಯಲ್ಲಿ ಜೀಬ್ರಾ, ಕಾಕಟೀಲ್ ಮಾತ್ರ. ಬೆಂಗಾಲೀಸ್ ಬೇರೆ ಪಂಜರದಲ್ಲಿವೆ, ಪುಕ್ಕ ಮತ್ತೆ ಬಂದಿದೆ. ಹೋದ ತಿಂಗಳು ಜೀಬ್ರಾ ಕಾವಿಗೆ ಕೂರದೆ ಬಿಟ್ಟ ನಾಲ್ಕು ಮೊಟ್ಟೆ ಬೆಂಗಾಲೀಸ್ ಗೂಡಿಗಿಟ್ಟೆ. 13ನೇ ದಿನಕ್ಕೆ ಮೂರು ಮರಿ. ತಮ್ಮ ಪುಕ್ಕ ಕಿತ್ತವರ ಮಕ್ಕಳಿಗೇ ಗಂಡು ಹೆಣ್ಣು ಎರಡೂ ಸರದಿ ಮೇಲೆ ಗುಟುಕು ಕೊಡುತ್ತಿವೆ.