ಜೆಡಿಬಿಸಿ: ಇಂಟರ್‌ಫೇಸ್ ಗಟ್ಟಿ, ಡ್ರೈವರ್ ಮಾತ್ರ ನೋಡಿಕೊಂಡು ಬಳಸಿ

ಜಾವಾದಿಂದ ಡೇಟಾಬೇಸ್ ಮುಟ್ಟಬೇಕು ಅಂದರೆ ಕೊನೆಗೆ ಬಂದು ನಿಲ್ಲುವುದು ಜೆಡಿಬಿಸಿ (ಅದಕ್ಕೆಂದೇ ಇರುವ ಸ್ಟ್ಯಾಂಡರ್ಡ್ ಇಂಟರ್‌ಫೇಸ್) ಹತ್ತಿರವೇ. ಮೇಲೆ ಹೈಬರ್ನೇಟ್ ಇರಲಿ, ಸ್ಪ್ರಿಂಗ್ ಡೇಟಾ ಇರಲಿ, ಮೈಬ್ಯಾಟಿಸ್ ಇರಲಿ, ಇಂಥ ಯಾವ ಲೈಬ್ರರಿ ಇದ್ದರೂ ಸಾಮಾನ್ಯವಾಗಿ ತಳದಲ್ಲಿ ಓಡುತ್ತಿರುವುದು ಇದೇ. ನಾನು ಇದನ್ನು ಒರಾಕಲ್, ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್ ಮೂರರ ಜೊತೆಗೂ ವರ್ಷಗಟ್ಟಲೆ ಬಳಸಿದ್ದೇನೆ, ಈಗಲೂ ದಿನಾ ಬಳಸುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಟರ್‌ಫೇಸ್ ಆಗಿ ಜೆಡಿಬಿಸಿ ತುಂಬಾ ಗಟ್ಟಿ, ಕಣ್ಣು ಮುಚ್ಚಿ ನಂಬಬಹುದು. ಡ್ರೈವರ್‌ಗಳನ್ನು, ಅಂದರೆ ಜೆಡಿಬಿಸಿಯನ್ನು ಆಯಾ ಡೇಟಾಬೇಸ್‌ಗೆ ಜೋಡಿಸುವ ಕೋಡನ್ನು, ಹಾಗೆ ನಂಬಬೇಡಿ. ಒಂದೇ ಕೋಡ್ ಮೂರು ಡ್ರೈವರ್ ಕೈಗೆ ಸಿಕ್ಕರೆ ಮೂರು ಥರ ನಡೆದುಕೊಳ್ಳುತ್ತದೆ, ಮತ್ತು ಅದು ತಪ್ಪು ಅಂತಲೂ ಹೇಳುವ ಹಾಗಿಲ್ಲ, ಯಾಕಂದರೆ ಎಷ್ಟೋ ಕಡೆ ಸ್ಟ್ಯಾಂಡರ್ಡ್ ತಾನೇ ಆ ಜಾಗ ಬಿಟ್ಟುಕೊಟ್ಟಿದೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಇದು 1997ರಲ್ಲಿ ಜೆಡಿಕೆ 1.1 ಜೊತೆ ಬಂದದ್ದು. ಆಗಿನ ಕನೆಕ್ಷನ್, ಪ್ರಿಪೇರ್ಡ್‌ಸ್ಟೇಟ್‌ಮೆಂಟ್ (ಮೌಲ್ಯದ ಜಾಗ ಖಾಲಿ ಬಿಟ್ಟು ಬರೆಯುವ ಕ್ವೆರಿ), ರಿಸಲ್ಟ್‌ಸೆಟ್ (ಕ್ವೆರಿಗೆ ಬಂದ ಸಾಲುಗಳು) ಇವತ್ತೂ ಅದೇ ಹೆಸರಲ್ಲಿ, ಅದೇ ಕೆಲಸಕ್ಕೆ ಇವೆ. ಈ ಮಧ್ಯೆ ಜಾವಾದಲ್ಲಿ ಎಷ್ಟು ಫ್ರೇಮ್‌ವರ್ಕ್ ಬಂದು ಹೋದವು, ಅಲ್ವಾ? ಒಳಗಿನ ರಚನೆಯೂ ಸರಳ. ಜಾವಾ ಕಡೆ ಹೆಚ್ಚೂಕಮ್ಮಿ ಬರೀ ಇಂಟರ್‌ಫೇಸ್‌ಗಳು. ನಿಜವಾದ ಕೆಲಸವೆಲ್ಲ ಡೇಟಾಬೇಸ್ ಮಾಡಿದವರು ಕೊಡುವ ಜಾರ್ ಫೈಲ್‌ನದು. ನೀವು ಯುಆರ್‌ಎಲ್ ಕೊಟ್ಟಾಗ ಡ್ರೈವರ್‌ಮ್ಯಾನೇಜರ್ ತನ್ನ ಪಟ್ಟಿಯಲ್ಲಿರುವ ಒಂದೊಂದೇ ಡ್ರೈವರ್‌ಗೆ ಅದನ್ನು ತೋರಿಸಿ "ಇದು ನಿನ್ನದಾ" ಅಂತ ಕೇಳುತ್ತದೆ. ಹೌದು ಅಂದ ಡ್ರೈವರ್ ಕನೆಕ್ಷನ್ ತೆಗೆದುಕೊಡುತ್ತದೆ. ಅಷ್ಟೇ.

ಸುಧಾರಣೆಗಳೂ ಹಳೆಯದನ್ನು ಮುರಿಯದೆ ಬಂದಿವೆ. 2006ರ ಜಾವಾ 6 ಬಂದ ಮೇಲೆ ಡ್ರೈವರ್ ಕ್ಲಾಸ್ ಹೆಸರನ್ನು ಕೈಯಾರೆ ಲೋಡ್ ಮಾಡುವ ಸಾಲು ಬೇಕಾಗಿಲ್ಲ. (ಇಂದಿಗೂ ಎಷ್ಟೋ ಟ್ಯುಟೋರಿಯಲ್‌ಗಳಲ್ಲಿ ಅದು ಇದೆ, ಸುಮ್ನೆ ಅಳಿಸಿ.) 2011ರ ಜಾವಾ 7ರಿಂದ ಟ್ರೈ-ವಿತ್-ರಿಸೋರ್ಸಸ್ (ತೆರೆದ ವಸ್ತುಗಳನ್ನು ಕೊನೆಗೆ ತಾನೇ ಮುಚ್ಚುವ ಟ್ರೈ) ಬಂತು. ಅದಕ್ಕೂ ಮೊದಲು ಫೈನಲಿ ಒಳಗೆ ಮತ್ತೊಂದು ಟ್ರೈ, ಅದರೊಳಗೆ ನಲ್ ಚೆಕ್, ಹೀಗೆ ಮೂರು ವಸ್ತು ಮುಚ್ಚುವುದಕ್ಕೆ ಹದಿನೈದು ಸಾಲು ಬರೆದವರಿಗೆ ಮಾತ್ರ ಇದರ ಬೆಲೆ ಗೊತ್ತು. 2014ರ ಜಾವಾ 8ರಲ್ಲಿ ಲೋಕಲ್‌ಡೇಟ್, ಆಫ್‌ಸೆಟ್‌ಡೇಟ್‌ಟೈಮ್ ಅನ್ನುವ ದಿನಾಂಕ-ಸಮಯದ ಹೊಸ ಕ್ಲಾಸ್‌ಗಳನ್ನು ನೇರವಾಗಿ ಕೊಟ್ಟು ತೆಗೆದುಕೊಳ್ಳಬಹುದಾಯಿತು. ಓಡಿಬಿಸಿ ಅನ್ನುವ ಇನ್ನೊಂದು ಇಂಟರ್‌ಫೇಸ್‌ಗೆ ಇದ್ದ ಹಳೆಯ ಸೇತುವೆಯನ್ನು ಅದೇ ಬಿಡುಗಡೆಯಲ್ಲಿ ತೆಗೆದುಹಾಕಿದರು.

ಪ್ರಿಪೇರ್ಡ್‌ಸ್ಟೇಟ್‌ಮೆಂಟ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಬಳಕೆದಾರರು ಕೊಟ್ಟ ಯಾವ ಮೌಲ್ಯವನ್ನೂ ಕ್ವೆರಿಗೆ ಪ್ಲಸ್ ಹಾಕಿ ಅಂಟಿಸಬೇಡಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ. ಆದರೆ ಆ ಚಿಹ್ನೆ ಮೌಲ್ಯದ ಜಾಗದಲ್ಲಿ ಮಾತ್ರ ನಡೆಯುತ್ತದೆ. ಟೇಬಲ್ ಹೆಸರಿಗೂ ಆರ್ಡರ್ ಬೈ ಕಾಲಂಗೂ ನಡೆಯುವುದಿಲ್ಲ. ಅಲ್ಲಿ ನೀವೇ ಒಂದು ಒಪ್ಪಿದ ಪಟ್ಟಿ ಇಟ್ಟುಕೊಂಡು ಅದರಿಂದಲೇ ಆರಿಸಬೇಕು.

ಈಗ ತಲೆನೋವಿನ ವಿಷಯಕ್ಕೆ ಬರೋಣ, ಫೆಚ್ ಸೈಜ್, ಅಂದರೆ ಒಂದು ಸಲಕ್ಕೆ ಎಷ್ಟು ಸಾಲು ತರಬೇಕು ಅನ್ನುವ ಸಂಖ್ಯೆ. ದೊಡ್ಡ ಟೇಬಲ್ ಒಂದನ್ನು ಓದುವ ಕ್ವೆರಿ, ಅದರ ಕೆಳಗೆ ರಿಸಲ್ಟ್‌ಸೆಟ್ ಮೇಲೆ ಒಂದು ವೈಲ್ ಲೂಪ್. ನೋಡಿದರೆ ಸಾಲು ಸಾಲಾಗಿ ಓದುತ್ತಿದೆ ಅಂತಲೇ ಅನ್ನಿಸುತ್ತದೆ. ಪೋಸ್ಟ್‌ಗ್ರೆಸ್ ಡ್ರೈವರ್ ತನ್ನ ಪಾಡಿಗೆ ಬಿಟ್ಟರೆ ಎಲ್ಲ ಸಾಲನ್ನೂ ಒಟ್ಟಿಗೆ ಮೆಮೊರಿಗೆ ತಂದು ಹಾಕಿ, ಆಮೇಲೆ ಮೊದಲ ಸಾಲು ಕೊಡುತ್ತದೆ. ಫೆಚ್ ಸೈಜ್ ಕೊಟ್ಟರೆ ಸಾಕು ಅಂದುಕೊಂಡರೆ ಅದೂ ಸಾಲದು, ಆಟೋಕಮಿಟ್ (ಪ್ರತಿ ಕ್ವೆರಿಯನ್ನೂ ತಾನಾಗಿಯೇ ಖಾಯಂ ಮಾಡುವ ಸೆಟ್ಟಿಂಗ್) ಆಫ್ ಇರಬೇಕು, ಇಲ್ಲವಾದರೆ ನೀವು ಕೊಟ್ಟ ಸಂಖ್ಯೆಯನ್ನು ಒಂದು ಎಚ್ಚರಿಕೆಯೂ ಇಲ್ಲದೆ ಪಕ್ಕಕ್ಕಿಡುತ್ತದೆ. ಮೈಎಸ್‌ಕ್ಯುಎಲ್ ಡ್ರೈವರ್ ಕೂಡ ಎಲ್ಲವನ್ನೂ ತರುವ ಪೈಕಿಯೇ. ಅದರಲ್ಲಿ ಸಾಲು ಸಾಲಾಗಿ ಬೇಕೆಂದರೆ ಫೆಚ್ ಸೈಜ್‌ಗೆ ಇಂಟಿಜರ್‌ನ ಅತಿ ಚಿಕ್ಕ ಮೌಲ್ಯ, ಅಂದರೆ -2147483648 ಕೊಡಬೇಕು! ಸಂಖ್ಯೆಯ ಜಾಗದಲ್ಲಿ ಒಂದು ಗುಟ್ಟಿನ ಸಂಕೇತ. ಹಾಗೆ ಓದುವಾಗ ಪೂರ್ತಿ ಓದಿ ಮುಗಿಸುವ ತನಕ ಅದೇ ಕನೆಕ್ಷನ್‌ನಲ್ಲಿ ಬೇರೆ ಕ್ವೆರಿ ಓಡಿಸುವಂತಿಲ್ಲ. ಅದು ಬೇಡವಾದರೆ ಯುಆರ್‌ಎಲ್‌ನಲ್ಲಿ ಯೂಸ್‌ಕರ್ಸರ್‌ಫೆಚ್ ಆನ್ ಮಾಡಿ ಸಾಮಾನ್ಯ ಸಂಖ್ಯೆ ಕೊಡಬಹುದು. ಒರಾಕಲ್‌ನದು ಇನ್ನೊಂದು ತುದಿ. ಅದರ ಡೀಫಾಲ್ಟ್ 10 ಸಾಲು. ಮೆಮೊರಿ ಏನೋ ಉಳಿಯುತ್ತದೆ, ಆದರೆ 1 ಲಕ್ಷ ಸಾಲು ಓದಲು ಸುಮಾರು 10 ಸಾವಿರ ಸಲ ನೆಟ್‌ವರ್ಕ್‌ನಲ್ಲಿ ಹೋಗಿ ಬರಬೇಕು. ಒಂದು ಸಲಕ್ಕೆ 2 ಮಿಲಿಸೆಕೆಂಡ್ ಅಂದರೂ ಬರೀ ಓಡಾಟಕ್ಕೇ 20 ಸೆಕೆಂಡ್. ಫೆಚ್ ಸೈಜ್ 500 ಮಾಡಿದರೆ ಅದು ಅರ್ಧ ಸೆಕೆಂಡಿಗಿಂತ ಕಡಿಮೆ. ಒಂದೇ ಸಾಲಿನ ಬದಲಾವಣೆ. ರಿಪೋರ್ಟ್ ನಿಧಾನ ಅಂತ ಯಾರಾದರೂ ದೂರಿದರೆ ನಾನು ಇಂಡೆಕ್ಸ್ ನೋಡುವ ಮೊದಲು ಇದನ್ನೇ ನೋಡುತ್ತೇನೆ.

ಇದಕ್ಕಿಂತ ಗಂಭೀರವಾದದ್ದು ಕಮಿಟ್ ವಿಷಯ. ಆಟೋಕಮಿಟ್ ಆಫ್ ಮಾಡಿದ್ದೀರಿ, ಎರಡು ಅಪ್‌ಡೇಟ್ ಆಗಿದೆ, ಕಮಿಟ್ (ಖಾಯಂ) ಕೂಡ ಮಾಡದೆ ರೋಲ್‌ಬ್ಯಾಕ್ (ರದ್ದು) ಕೂಡ ಮಾಡದೆ ಕನೆಕ್ಷನ್ ಮುಚ್ಚಿದಿರಿ. ಏನಾಗುತ್ತದೆ? ಜೆಡಿಬಿಸಿ ಡಾಕ್ಯುಮೆಂಟೇಶನ್ ಹೇಳುವುದು, ಅದು ಡ್ರೈವರ್‌ಗೆ ಬಿಟ್ಟದ್ದು ಅಂತ. ಪೋಸ್ಟ್‌ಗ್ರೆಸ್‌ನಲ್ಲಿ ಬದಲಾವಣೆ ಬಿದ್ದುಹೋಗುತ್ತದೆ. ಒರಾಕಲ್ ಡ್ರೈವರ್ ಅದನ್ನು ಕಮಿಟ್ ಮಾಡುತ್ತದೆ, ಇದು ಅವರ ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದೆ. ಒಂದು ಖಾತೆಯಿಂದ ಹಣ ಕಳೆದು, ಇನ್ನೊಂದು ಖಾತೆಗೆ ಸೇರಿಸುವ ಮೊದಲು ಎಕ್ಸೆಪ್ಷನ್ ಬಂದು, ಟ್ರೈ-ವಿತ್-ರಿಸೋರ್ಸಸ್ ತನ್ನ ಕೆಲಸ ತಾನು ಮಾಡಿ ಕನೆಕ್ಷನ್ ಮುಚ್ಚಿತು ಅಂದುಕೊಳ್ಳಿ. ಅರ್ಧ ವ್ಯವಹಾರ ಶಾಶ್ವತ! ಹಿಕಾರಿಯಂಥ ಪೂಲ್ (ಕನೆಕ್ಷನ್‌ಗಳನ್ನು ತೆರೆದಿಟ್ಟುಕೊಂಡು ಮತ್ತೆ ಮತ್ತೆ ಕೊಡುವ ಲೈಬ್ರರಿ) ಮಧ್ಯೆ ಇದ್ದರೆ ಅದು ಕನೆಕ್ಷನ್ ವಾಪಸ್ ತೆಗೆದುಕೊಳ್ಳುವಾಗ ರೋಲ್‌ಬ್ಯಾಕ್ ಮಾಡುತ್ತದೆ, ಆದರೆ ಬೇರೆಯವರ ಒಳ್ಳೆಯತನದ ಮೇಲೆ ಹಣಕಾಸಿನ ಕೋಡ್ ನಿಲ್ಲಬಾರದು. ಕ್ಯಾಚ್‌ನಲ್ಲಿ ರೋಲ್‌ಬ್ಯಾಕ್ ಬರೆಯಲೇಬೇಕು.

ಎರರ್ ಬಂದ ಮೇಲಿನ ನಡವಳಿಕೆಯೂ ಹಾಗೆಯೇ. ಟ್ರಾನ್ಸಾಕ್ಷನ್ (ಒಟ್ಟಿಗೆ ಕಮಿಟ್ ಆಗಬೇಕಾದ ಕ್ವೆರಿಗಳ ಗುಂಪು) ಮಧ್ಯೆ ಒಂದು ಇನ್ಸರ್ಟ್ ಡೂಪ್ಲಿಕೇಟ್ ಅಂತ ಬಿದ್ದರೆ ಮೈಎಸ್‌ಕ್ಯುಎಲ್‌ನಲ್ಲಿ ಅದನ್ನು ಬಿಟ್ಟು ಮುಂದುವರಿಯಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಟ್ರಾನ್ಸಾಕ್ಷನ್ ಕೆಟ್ಟಂತೆ, ರೋಲ್‌ಬ್ಯಾಕ್ ಮಾಡುವ ತನಕ ಮುಂದಿನ ಯಾವ ಕ್ವೆರಿಯನ್ನೂ ಅದು ಒಪ್ಪುವುದಿಲ್ಲ. ಮೊದಲೇ ಸೇವ್‌ಪಾಯಿಂಟ್ ಹಾಕಿಕೊಂಡಿದ್ದರೆ ಅಲ್ಲಿಗೆ ಮಾತ್ರ ಹಿಂದಿರುಗಬಹುದು.

ಕನ್ನಡ ಡೇಟಾ ಇಟ್ಟುಕೊಳ್ಳುವವರಿಗೆ ಒಂದು ಮಾತು. "ಬೆಂಗಳೂರು" ಅನ್ನುವ ಪದ ಕಣ್ಣಿಗೆ ನಾಲ್ಕು ಅಕ್ಷರ. ಜಾವಾದ ಲೆಂತ್ ಕೇಳಿದರೆ 8 ಅನ್ನುತ್ತದೆ, ಯಾಕಂದರೆ ಗುಣಿತದ ಚಿಹ್ನೆಗಳೂ ಅನುಸ್ವಾರವೂ ಬೇರೆ ಬೇರೆ ಎಣಿಕೆಯಾಗುತ್ತವೆ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 24. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದೇ ಊರು 9 ಬೈಟ್‌ನಲ್ಲಿ ಮುಗಿಯುತ್ತದೆ. ಒರಾಕಲ್‌ನಲ್ಲಿ ವಾರ್‌ಕ್ಯಾರ್2 20 ಅಂತ ಕಾಲಂ ಮಾಡಿದರೆ ಆ 20 ಸಾಮಾನ್ಯವಾಗಿ ಬೈಟ್ ಲೆಕ್ಕ. ಫಾರ್ಮ್‌ನಲ್ಲಿ "20 ಅಕ್ಷರದೊಳಗೆ" ಅಂತ ಪರೀಕ್ಷೆ ಮಾಡಿ ಪಾಸ್ ಆದ ಊರ ಹೆಸರು ಡೇಟಾಬೇಸ್‌ಗೆ ಹೋದಾಗ ಓಆರ್‌ಎ-12899 ಎರರ್ ಆಗಿ ವಾಪಸ್ ಬರುತ್ತದೆ. ಕಾಲಂ ಮಾಡುವಾಗಲೇ 20 ಕ್ಯಾರ್ ಅಂತ ಬರೆಯಿರಿ. ಮೈಎಸ್‌ಕ್ಯುಎಲ್‌ನಲ್ಲಿ ಈ ಬೈಟ್ ತೊಂದರೆ ಇಲ್ಲ, ಆದರೆ ಹಳೆಯ ಟೇಬಲ್ ಲ್ಯಾಟಿನ್1ರಲ್ಲಿ ಇದ್ದರೆ ಕನ್ನಡ ಅದರಲ್ಲಿ ಉಳಿಯುವುದೇ ಇಲ್ಲ, ಒಂದೋ ಎರರ್ ಬರುತ್ತದೆ, ಇಲ್ಲವೇ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಯುಟಿಎಫ್8ಎಂಬಿ4 ಇಡಿ. ಅವರ ಹಳೆಯ ಯುಟಿಎಫ್8 ಕನ್ನಡಕ್ಕೆ ಸಾಕು, ಆದರೆ ಜನ ಹೆಸರಿನ ಪಕ್ಕ ಎಮೋಜಿ ಹಾಕಿದ ಕೂಡಲೇ ಅದಕ್ಕೆ 4 ಬೈಟ್ ಬೇಕಾಗುತ್ತದೆ.

ಸಮಯದ ವಿಷಯದಲ್ಲೂ ನಮ್ಮ ದೇಶದವರು ಜಾಸ್ತಿ ಅನುಭವಿಸಿದ್ದೇವೆ. ಮೈಎಸ್‌ಕ್ಯುಎಲ್ ಡ್ರೈವರ್ 5.1ರಿಂದ 8ಕ್ಕೆ ಹೋದಾಗ ನಿನ್ನೆ ತನಕ ಓಡುತ್ತಿದ್ದ ಪ್ರೋಗ್ರಾಂ ಇವತ್ತು "ಸರ್ವರ್‌ನ ಟೈಮ್ ಜೋನ್ ಐಎಸ್‌ಟಿ, ಅದು ಒಂದಕ್ಕಿಂತ ಹೆಚ್ಚು ಜೋನ್ ಆಗಬಹುದು" ಅಂತ ಕನೆಕ್ಟ್ ಆಗುವುದನ್ನೇ ನಿಲ್ಲಿಸಿತು. ಇಸ್ರೇಲ್‌ಗೂ ಐರ್ಲೆಂಡ್‌ಗೂ ಅದೇ ಮೂರಕ್ಷರ. ಯುಆರ್‌ಎಲ್‌ನಲ್ಲಿ ಸರ್ವರ್‌ಟೈಮ್‌ಜೋನ್ ಏಷ್ಯಾ/ಕೋಲ್ಕತ್ತಾ ಅಂತ ಸೇರಿಸಿದ ಮೇಲೆ ಸರಿಹೋಯಿತು. 8.0.23ರಿಂದ ಡ್ರೈವರ್ ಈ ಹಠ ಬಿಟ್ಟಿದೆ. ಆದರೂ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿ, ಸರ್ವರ್ ಯುಟಿಸಿಯಲ್ಲಿ ಇದ್ದರೆ ಹಳೆಯ ಟೈಮ್‌ಸ್ಟ್ಯಾಂಪ್ ಕ್ಲಾಸ್ ಐದೂವರೆ ಗಂಟೆ ಆಚೀಚೆ ಮಾಡಬಹುದು. ನಾನು ಈಗ ಆಫ್‌ಸೆಟ್‌ಡೇಟ್‌ಟೈಮ್ ಬಿಟ್ಟು ಬೇರೆ ಬಳಸುವುದಿಲ್ಲ.

ಬ್ಯಾಚ್, ಅಂದರೆ ಹಲವು ಇನ್ಸರ್ಟ್ ಒಟ್ಟಿಗೆ ಕಳಿಸುವುದರ ಬಗ್ಗೆ ಒಂದೇ ಮಾತು. ಮೈಎಸ್‌ಕ್ಯುಎಲ್‌ಗೆ ರಿರೈಟ್‌ಬ್ಯಾಚ್ಡ್‌ಸ್ಟೇಟ್‌ಮೆಂಟ್ಸ್, ಪೋಸ್ಟ್‌ಗ್ರೆಸ್‌ಗೆ ರಿರೈಟ್‌ಬ್ಯಾಚ್ಡ್‌ಇನ್ಸರ್ಟ್ಸ್, ಈ ಎರಡು ಸೆಟ್ಟಿಂಗ್‌ಗಳೂ ಡೀಫಾಲ್ಟ್ ಆಗಿ ಆಫ್. ದೊಡ್ಡ ಇನ್ಸರ್ಟ್ ಇದ್ದರೆ ಆನ್ ಮಾಡಿ. ಪೋಸ್ಟ್‌ಗ್ರೆಸ್‌ನಲ್ಲಿ ಹಾಗೆ ಮಾಡಿದ ಮೇಲೆ ಬ್ಯಾಚ್ ಮರಳಿಸುವ ಲೆಕ್ಕ 1ರ ಬದಲು -2 ಬರಬಹುದು, ಅದಕ್ಕೆ ಗಾಬರಿ ಬೇಡ, ಆಯಿತು ಆದರೆ ಎಷ್ಟು ಸಾಲು ಅಂತ ಗೊತ್ತಿಲ್ಲ ಅಂತ ಅದರ ಅರ್ಥ.

ಪೂಲ್ ಇಲ್ಲದೆ ಜೆಡಿಬಿಸಿ ಸರ್ವರ್‌ನಲ್ಲಿ ಬಳಸುವ ಮಾತೇ ಇಲ್ಲ. ಹಿಕಾರಿ ಸಾಕು. ಅದರ ಡೀಫಾಲ್ಟ್ 10 ಕನೆಕ್ಷನ್ ನೋಡಿ ಕಡಿಮೆಯಾಯಿತು ಅಂತ 200ಕ್ಕೆ ಏರಿಸುವವರನ್ನು ಕಂಡಿದ್ದೇನೆ. ಪೋಸ್ಟ್‌ಗ್ರೆಸ್ ಒಟ್ಟು ಕೊಡುವುದೇ ಡೀಫಾಲ್ಟ್ ಆಗಿ 100, ಅದೂ ನಿಮ್ಮ ಎಲ್ಲ ಸರ್ವರ್‌ಗಳಿಗೆ ಸೇರಿ. ನನ್ನ ನಿಜವಾದ ದೂರು ಟೈಮ್‌ಔಟ್‌ಗಳ ಮೇಲೆ. ನಾನು ಕೆಲಸ ಮಾಡಿದ ಒಂದು ಕಡೆ ಮಧ್ಯದ ಫೈರ್‌ವಾಲ್ ಸುಮ್ಮನಿದ್ದ ಕನೆಕ್ಷನ್‌ಗಳನ್ನು ಎರಡೂ ಕಡೆಗೆ ಹೇಳದೆ ಕಿತ್ತುಹಾಕುತ್ತಿತ್ತು. ಪೋಸ್ಟ್‌ಗ್ರೆಸ್ ಡ್ರೈವರ್‌ನ ಸಾಕೆಟ್‌ಟೈಮ್‌ಔಟ್ ಡೀಫಾಲ್ಟ್ 0, ಅಂದರೆ ಮಿತಿಯೇ ಇಲ್ಲ. ಕ್ವೆರಿ ಕಳಿಸಿದ ಥ್ರೆಡ್ ಉತ್ತರಕ್ಕೆ ಕಾಯುತ್ತಾ ಕೂತಿರುತ್ತದೆ, ಲಿನಕ್ಸ್ ಅದೇ ಪ್ಯಾಕೆಟ್ ಮತ್ತೆ ಮತ್ತೆ ಕಳಿಸಿ ಸುಮಾರು 15 ನಿಮಿಷದ ಮೇಲೆ ಕೈಬಿಟ್ಟಾಗಲೇ ಎರರ್ ಬರುವುದು. ಅಷ್ಟರಲ್ಲಿ ಪೂಲ್ ಖಾಲಿ, ಆಪ್ ಸ್ತಬ್ಧ, ಡೇಟಾಬೇಸ್ ಮಾತ್ರ ಆರಾಮಾಗಿ ಇದೆ. ಸಾಕೆಟ್‌ಟೈಮ್‌ಔಟ್ ಕೊಡಿ, ಟಿಸಿಪಿಕೀಪ್‌ಅಲೈವ್ ಆನ್ ಮಾಡಿ, ಹಿಕಾರಿಯ ಮ್ಯಾಕ್ಸ್‌ಲೈಫ್‌ಟೈಮ್ ಅನ್ನು ಮಧ್ಯದಲ್ಲಿರುವ ಎಲ್ಲರ ಮಿತಿಗಿಂತ ಕಡಿಮೆ ಇಡಿ. ಈ ಮೂರೂ ಡೀಫಾಲ್ಟ್ ಆಗಿ ಸರಿ ಇರಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇಷ್ಟವಾಗದ ಸಣ್ಣಪುಟ್ಟವೂ ಇವೆ. ಗೆಟ್‌ಇಂಟ್ ನಲ್ ಇದ್ದರೂ 0 ಕೊಡುತ್ತದೆ, ಆಮೇಲೆ ವಾಸ್‌ನಲ್ ಅಂತ ಬೇರೆ ಕೇಳಬೇಕು. ಬಾಕಿ 0 ಇರುವುದಕ್ಕೂ ಬಾಕಿ ಗೊತ್ತಿಲ್ಲ ಅನ್ನುವುದಕ್ಕೂ ವ್ಯತ್ಯಾಸ ಇಲ್ವಾ? ಪ್ರಿಪೇರ್ಡ್‌ಸ್ಟೇಟ್‌ಮೆಂಟ್‌ನ ಪ್ಯಾರಾಮೀಟರ್‌ಗಳಿಗೆ ಹೆಸರು ಕೊಡುವ ದಾರಿ ಇಷ್ಟು ವರ್ಷವಾದರೂ ಬಂದಿಲ್ಲ. ಹದಿನೆಂಟು ಪ್ರಶ್ನಾರ್ಥಕ ಚಿಹ್ನೆ ಇರುವ ಇನ್ಸರ್ಟ್‌ನ ಮಧ್ಯೆ ಒಂದು ಕಾಲಂ ಸೇರಿಸಿ ನೋಡಿ, ಬೆರಳು ಮಡಚಿ ಎಣಿಸಬೇಕು. ಇದಕ್ಕಾಗಿಯೇ ನಾನು ಸ್ಪ್ರಿಂಗ್‌ನ ಜೆಡಿಬಿಸಿಕ್ಲೈಂಟ್ ಬಳಸುವುದು. ಕೆಲವು ಡ್ರೈವರ್‌ಗಳಲ್ಲಿ ಹೆಚ್ಚೂಕಮ್ಮಿ ಎಲ್ಲ ತಪ್ಪಿಗೂ ಒಂದೇ ಥರದ ಎಸ್‌ಕ್ಯುಎಲ್‌ಎಕ್ಸೆಪ್ಷನ್ ಬರುವುದು ಕೂಡ ಬೇಸರವೇ. ಹಾಗಂತ ಅದರ ಮೆಸೇಜ್‌ನಲ್ಲಿ ಪದ ಹುಡುಕಬೇಡಿ, ಅದರಲ್ಲಿರುವ ಎಸ್‌ಕ್ಯುಎಲ್‌ಸ್ಟೇಟ್ ಅನ್ನುವ ಐದಕ್ಷರದ ಕೋಡ್ ನೋಡಿ. 08ರಿಂದ ಶುರುವಾದರೆ ಕನೆಕ್ಷನ್ ತೊಂದರೆ, 40001 ಬಂದರೆ ಟ್ರಾನ್ಸಾಕ್ಷನ್ ಮತ್ತೆ ಓಡಿಸಿ, 23ರಿಂದ ಶುರುವಾದರೆ ಡೇಟಾದ ನಿಯಮ ಮುರಿದಿದೆ.

ಉತ್ತರ ಬರುವ ತನಕ ಥ್ರೆಡ್ ತಡೆಹಿಡಿಯುತ್ತದೆ, ಆದ್ದರಿಂದ ಜೆಡಿಬಿಸಿ ಕಾಲ ಮುಗಿಯಿತು ಅಂತ ಕೆಲವು ವರ್ಷ ಎಲ್ಲರೂ ಹೇಳುತ್ತಿದ್ದರು. ಒರಾಕಲ್ ಎಡಿಬಿಎ ಅಂತ ಥ್ರೆಡ್ ತಡೆಯದ ಹೊಸದೊಂದನ್ನು ಶುರು ಮಾಡಿ 2019ರಲ್ಲಿ ಕೈಬಿಟ್ಟಿತು. 2023ರ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್ (ಜಾವಾ ತಾನೇ ನಿಭಾಯಿಸುವ ಹಗುರ ಥ್ರೆಡ್) ಬಂದ ಮೇಲೆ ಹಳೆಯ ನೇರ ಶೈಲಿಯ ಕೋಡ್ ಹಾಗೇ ಇಟ್ಟುಕೊಂಡು ಸಾವಿರಾರು ಕೆಲಸ ಒಟ್ಟಿಗೆ ನಡೆಸಬಹುದು. ಸಿಂಕ್ರೊನೈಸ್ಡ್ (ಒಂದು ಸಲಕ್ಕೆ ಒಂದೇ ಥ್ರೆಡ್ ಬಿಡುವ) ಕೋಡ್ ಒಳಗೆ ವರ್ಚುವಲ್ ಥ್ರೆಡ್ ಸಿಕ್ಕಿಕೊಳ್ಳುವ ತೊಂದರೆಯೂ 2025ರ ಜಾವಾ 24ರಲ್ಲಿ ಹೆಚ್ಚುಕಡಿಮೆ ಹೋಯಿತು. ನನಗೆ ಇದು ತುಂಬಾ ಖುಷಿ ಕೊಟ್ಟ ವಿಷಯ. ಡೇಟಾಬೇಸ್ ಕನೆಕ್ಷನ್‌ಗಳ ಸಂಖ್ಯೆ ಮಾತ್ರ ಇದರಿಂದ ಹೆಚ್ಚುವುದಿಲ್ಲ, ಪೂಲ್ ಮಿತಿ ಇದ್ದಷ್ಟೇ ಇರುತ್ತದೆ.

ಹೈಬರ್ನೇಟ್‌ನಿಂದಲೇ ಶುರು ಮಾಡಿದವರು ಒಂದು ಸಂಜೆ ಬಿಡುವು ಮಾಡಿಕೊಂಡು ಇದನ್ನು ಮಾಡಿ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಜನರೇಟ್ ಸೀರೀಸ್ ಫಂಕ್ಷನ್ ಬಳಸಿ 10 ಲಕ್ಷ ಸಾಲಿನ ಟೇಬಲ್ ಮಾಡಿ. ಜಾವಾಕ್ಕೆ 64 ಎಂಬಿ ಹೀಪ್ (ಮೆಮೊರಿ) ಮಾತ್ರ ಕೊಟ್ಟು ಬರೀ ಜೆಡಿಬಿಸಿಯಲ್ಲಿ ಆ ಟೇಬಲ್ ಪೂರ್ತಿ ಓದಿ. ಮೊದಲು ಹಾಗೇ, ಆಮೇಲೆ ಫೆಚ್ ಸೈಜ್ 1000 ಮಾತ್ರ ಹಾಕಿ, ಕೊನೆಗೆ ಆಟೋಕಮಿಟ್ ಕೂಡ ಆಫ್ ಮಾಡಿ. ಮೊದಲ ಎರಡು ಸಲ ಮೆಮೊರಿ ಸಾಲದೆ ಬೀಳುತ್ತದೆ, ಮೂರನೆಯ ಸಲ ಓಡುತ್ತದೆ.