ಹ್ಯುಮಿಡಿಫೈಯರ್ ತರುವ ಮುಂಚೆ ನನ್ನ ಪಾಡು ಓದಿ

ಬೆಳಿಗ್ಗೆ ಎದ್ದರೆ ಗಂಟಲು ಒಣಗಿ ಮೂಗು ಕಟ್ಟಿರುತ್ತದೆ ಅಂತ ರೂಮಿನ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಒಂದನ್ನು ತಂದೆ. ಪುಟ್ಟದು, ಸದ್ದೇ ಇಲ್ಲ, ಮೇಲಿಂದ ಬಿಳಿ ಮಂಜು ಬರುತ್ತಾ ಇರುತ್ತದೆ, ನೋಡೋಕೆ ಚಂದ. ತಲೆದಿಂಬಿನ ಪಕ್ಕ ಇಟ್ಟು, ನಲ್ಲಿ ನೀರು ತುಂಬಿಸಿ, ಕಿಟಕಿ ಬಾಗಿಲು ಎಲ್ಲ ಮುಚ್ಚಿ ರಾತ್ರಿಯಿಡೀ ಜೋರಾಗಿ ಓಡಿಸಿದೆ. ಇದರಲ್ಲಿ ಸರಿಯಾಗಿ ಮಾಡಿದ್ದು ಒಂದೂ ಇಲ್ಲ ಅಂತ ಗೊತ್ತಾಗೋಕೆ ಒಂದೂವರೆ ತಿಂಗಳು ಹಿಡಿಯಿತು.

ಮೊದಲ ವಾರವೇ ಟಿವಿ ಮೇಲೆ, ಕಪ್ಪು ಮೇಜಿನ ಮೇಲೆ, ಲ್ಯಾಪ್‌ಟಾಪ್ ಕೀಗಳ ಸಂದಿಯಲ್ಲಿ ಬಿಳಿ ಪುಡಿ. ಒರೆಸಿದರೆ ಮರುದಿನ ಮತ್ತೆ ಹಾಜರು. ಸರಿಯಾಗಿ ಗುಡಿಸುತ್ತಿಲ್ಲ ಅಂತ ಮನೆಯವರ ಮೇಲೆ ಸುಮ್ನೆ ರೇಗಿದೆ. ಗಾಳಿ ಶುದ್ಧ ಮಾಡುವ ಏರ್ ಪ್ಯೂರಿಫೈಯರ್ ಬೇರೆ ಗಾಳಿಯಲ್ಲಿ ಧೂಳಿದೆ ಅಂತ ಕೆಂಪು ದೀಪ ಹಾಕಿಕೊಂಡು ಹುಚ್ಚು ಹಿಡಿದ ಹಾಗೆ ತಿರುಗುತ್ತಿತ್ತು, ಕೆಟ್ಟಿದೆ ಅಂತ ಅದನ್ನೇ ಆಫ್ ಮಾಡಿಟ್ಟೆ. ಪಾಪ, ಮನೆಯಲ್ಲಿ ನಿಜ ಹೇಳುತ್ತಿದ್ದದ್ದು ಅದೊಂದೇ.

ನನ್ನದು ಅಲ್ಟ್ರಾಸೋನಿಕ್ ಥರದ್ದು. ತಳದಲ್ಲಿರುವ ಸಣ್ಣ ಬಿಲ್ಲೆ ಸೆಕೆಂಡಿಗೆ 10 ಲಕ್ಷಕ್ಕೂ ಜಾಸ್ತಿ ಸಲ ನಡುಗಿ ನೀರನ್ನು ಕಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ ಹನಿಗಳಾಗಿ ಚಿಮ್ಮಿಸುತ್ತದೆ. ಅದು ಹಬೆ ಅಲ್ಲ. ಹಬೆಯಾದರೆ ನೀರು ಮಾತ್ರ ಮೇಲೆ ಹೋಗಿ ಉಳಿದದ್ದು ತಳದಲ್ಲೇ ಕೂರುತ್ತದೆ, ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಹಾಗೆ. ಇಲ್ಲಿ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಹನಿಯ ಜೊತೆಗೇ ಹಾರಿ, ಹನಿ ಆರಿದ ಮೇಲೆ ನುಣ್ಣನೆ ಪುಡಿಯಾಗಿ ಗಾಳಿಯಲ್ಲಿ ತೇಲುತ್ತದೆ. ಟಿವಿ ಮೇಲೆ ಕೂತದ್ದು ಕಂಡಿತು, ನಿದ್ದೆಯಲ್ಲಿ ಒಳಗೆಳೆದುಕೊಂಡದ್ದು ಕಾಣಲಿಲ್ಲ ಅಷ್ಟೇ. ಡಿಸ್ಟಿಲ್ಡ್ ನೀರು (ಹಬೆಯಾಗಿಸಿ ತಣಿಸಿ, ಖನಿಜ ತೆಗೆದ ನೀರು) ಹಾಕಿ ಅಂತ ಜೊತೆಗೆ ಬಂದ ಪುಸ್ತಕದಲ್ಲಿ ಸಣ್ಣಕ್ಷರದಲ್ಲಿ ಇತ್ತು, ಯಾರು ಓದುತ್ತಾರೆ! ಕುದಿಸಿ ಆರಿಸಿದ ನೀರು ಸಾಕಲ್ವಾ ಅಂತ ಕೇಳಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ಗಡಸುತನ, ಅಂದರೆ ಆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೂರ್ತಿ ಹೋಗುವುದಿಲ್ಲ.

ಟ್ಯಾಂಕಿನ ಕಥೆ ಹೇಳೋಕೆ ನಾಚಿಕೆ. ಕಡಿಮೆಯಾದ ಹಾಗೆ ಮೇಲಿಂದ ತುಂಬಿಸುತ್ತಿದ್ದೆ, ತೊಳೆದದ್ದು ಒಂದು ಸಲವೂ ಇಲ್ಲ. ಆಮೇಲೆ ಒಂದಿನ ಒಳಗೆ ಬೆರಳಾಡಿಸಿದರೆ ಲೋಳೆ. ಅದೂ ಮಂಜಿನ ಜೊತೆ ರೂಮಿಗೆಲ್ಲ ಹಂಚಿಕೆಯಾಗುತ್ತಿತ್ತು. ಅಷ್ಟೊತ್ತಿಗೆ ಕೆಮ್ಮು ಶುರುವಾಗಿತ್ತು. ಇದರಿಂದಲೇ ಅಂತ ಡಾಕ್ಟರ್ ಹೇಳಲಿಲ್ಲ, ಆದರೆ ಮೊದಲು ಅದನ್ನು ನಿಲ್ಲಿಸಿ ಅಂದರು. ದಿನಾ ಹಳೇ ನೀರು ಚೆಲ್ಲಿ ಒರೆಸಬೇಕು, ಮೂರು ದಿನಕ್ಕೊಮ್ಮೆ ತಿಕ್ಕಿ ತೊಳೆಯಬೇಕು. ಅದರ ಬದಲು ಟ್ಯಾಂಕಿಗೇ ಒಂದಿಷ್ಟು ಸೋಂಕುನಾಶಕ ಸುರಿಯೋಣ ಅನ್ನುವ ಯೋಚನೆ ಬಂದರೆ ದಯವಿಟ್ಟು ಬಿಡಿ. ದಕ್ಷಿಣ ಕೊರಿಯಾದಲ್ಲಿ ಹ್ಯುಮಿಡಿಫೈಯರ್ ನೀರಿಗೆ ಬೆರೆಸಲೆಂದೇ ಇಂಥದ್ದನ್ನು ವರ್ಷಗಟ್ಟಲೆ ಮಾರಿದರು. ಅದು ಉಸಿರಿಗೆ ಹೋಗಿ ಜನರ ಶ್ವಾಸಕೋಶವೇ ಹಾಳಾಯಿತು, ಪುಟ್ಟ ಮಕ್ಕಳು, ಬಸುರಿಯರು ಸತ್ತರು. 2011ರಲ್ಲಿ ಕಾರಣ ಗೊತ್ತಾದ ಮೇಲೆ ಮಾರಾಟ ನಿಂತಿತು.

ಕೊನೆಗೆ ಕಣ್ಣು ತೆರೆಸಿದ್ದು ಬೀರು. ಏನೋ ಬಿದ್ದಿತ್ತು ಅಂತ ಸರಿಸಿದರೆ ಹಿಂದಿನ ಗೋಡೆ ತುಂಬ ಕಪ್ಪು ಬೂಷ್ಟು. ತೇವ ಜಾಸ್ತಿಯಾದರೆ ಅದು ಸೇರುವುದು ಹೀಗೆ ತಣ್ಣಗಿರುವ, ಗಾಳಿಯಾಡದ ಜಾಗಕ್ಕೇ. ಆಗ ಹೈಗ್ರೋಮೀಟರ್, ಅಂದರೆ ತೇವಾಂಶ ಅಳೆಯುವ ಚಿಕ್ಕ ಮೀಟರ್ ಕೊಂಡು ತಂದೆ. ಶೇಕಡಾ 74 ತೋರಿಸಿತು. ಮನೆಯೊಳಗೆ 30ರಿಂದ 50 ಇದ್ದರೆ ಸಾಕು, 60 ದಾಟಿತೋ ಬೂಷ್ಟಿಗೂ ಧೂಳಿನ ಹುಳಕ್ಕೂ ಹಬ್ಬ. ಮೀಟರ್ ಮೇಲೆ ಅನುಮಾನ ಬಂದು, ಒದ್ದೆ ಮಾಡಿದ ಉಪ್ಪಿನ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು ಅರ್ಧ ದಿನ ಬಿಟ್ಟೂ ನೋಡಿದೆ. ಮೀಟರ್ ಸರಿಯಿದ್ದರೆ ಅಲ್ಲಿ 75 ಬರಬೇಕು, ಹತ್ತಿರ ಹತ್ತಿರ ಬಂತು. ನಿಜವಾಗಿ ಗಾಳಿ ಒಣಗಿರುವವರು ನೀರು ಹೀರಿದ ಬತ್ತಿಗೆ ಫ್ಯಾನ್ ಗಾಳಿ ಬೀಸುವ ಥರದ ಹ್ಯುಮಿಡಿಫೈಯರ್ ನೋಡಿ, ಗಾಳಿಯಲ್ಲಿ ತೇವ ಏರಿದ ಹಾಗೆ ಬತ್ತಿ ಆರುವುದೂ ನಿಧಾನವಾಗುತ್ತದೆ. ಬತ್ತಿ ಮಾತ್ರ ಆಗಾಗ ಬದಲಿಸಬೇಕು.

ನಾನೂ ಅಂಥ ಬತ್ತಿಯದ್ದು ತರಬೇಕಾ ಅಂತ ಯೋಚಿಸುತ್ತಾ ಮೆಷಿನ್ ಆಫ್ ಮಾಡಿ, ಕಿಟಕಿ ತೆರೆದು ನಾಲ್ಕು ದಿನ ಬಿಟ್ಟು ಮೀಟರ್ ನೋಡಿದೆ. 49. ನನ್ನ ರೂಮಿಗೆ ಇದು ಬೇಕೇ ಇರಲಿಲ್ಲ! ಗಂಟಲು ಒಣಗುತ್ತಿದ್ದದ್ದಕ್ಕೆ, ಫ್ಯಾನ್ ಗಾಳಿ ರಾತ್ರಿಯಿಡೀ ನೇರ ಮುಖಕ್ಕೆ ಬಡಿಯುತ್ತಿತ್ತು. ಮಂಚ ತಿರುಗಿಸಿ ಹಾಕಿಕೊಂಡೆ.