ಅಮೆರಿಕದ ಅಡುಗೆಮನೆಗೆ ಟೇಬಲ್‌ಟಾಪ್ ವೆಟ್ ಗ್ರೈಂಡರ್: ಯಾವುದನ್ನು ಕೊಳ್ಳಬೇಕು, ಹೇಗೆ ನಡೆಸಬೇಕು

ಅಮೆರಿಕದ ಇಂಡಿಯನ್ ಅಂಗಡಿಗಳಲ್ಲಿ ಇಡ್ಲಿ ರವೆ, ಉದ್ದು, ಮೆಂತ್ಯ, ದೋಸೆ ಅಕ್ಕಿ ಎಲ್ಲವೂ ಸಿಗುತ್ತವೆ. ಇಡ್ಲಿ ತಟ್ಟೆಗೂ ಬರವಿಲ್ಲ. ಇಷ್ಟಿದ್ದರೂ ಮನೆಯ ಇಡ್ಲಿ ಗಟ್ಟಿಯಾಗಿ ಕೂರುತ್ತದೆ, ದೋಸೆ ಬಿಳಿಚಿಕೊಂಡು ಏಳುತ್ತದೆ ಎಂದು ದೂರುವವರು ಬಹಳ. ಕಾರಣ ಹೆಚ್ಚಾಗಿ ಎರಡೇ: ಉದ್ದು ಸರಿಯಾಗಿ ರುಬ್ಬಿಲ್ಲ, ಇಲ್ಲವೆ ಹಿಟ್ಟು ಚಳಿಗೆ ಉಬ್ಬಿಲ್ಲ. ಮೊದಲನೆಯದನ್ನು ವೆಟ್ ಗ್ರೈಂಡರ್ ಪೂರ್ತಿಯಾಗಿ ಪರಿಹರಿಸುತ್ತದೆ. ಎರಡನೆಯದನ್ನು ಯಾವ ಗ್ರೈಂಡರ್ ಕೂಡ ಪರಿಹರಿಸುವುದಿಲ್ಲ. ಯಂತ್ರ ಕೊಳ್ಳುವ ಮೊದಲು ಇದು ಸ್ಪಷ್ಟವಾಗಿರಬೇಕು, ಏಕೆಂದರೆ ಇದು ಅಗ್ಗದ ಸಾಮಾನಲ್ಲ, ಅಡುಗೆಕಟ್ಟೆಯ ಮೇಲೆ ಜಾಗವನ್ನೂ ಚೆನ್ನಾಗಿಯೇ ತಿನ್ನುತ್ತದೆ.

ಎಲ್ಲಕ್ಕಿಂತ ಮೊದಲು ಕರೆಂಟಿನ ಮಾತು. ಇಲ್ಲಿ ತಪ್ಪಿದರೆ ದುಡ್ಡು ನೇರ ಕಸಕ್ಕೆ. ಭಾರತದಲ್ಲಿ 230 ವೋಲ್ಟ್, 50 ಹರ್ಟ್ಜ್ (ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕ). ಅಮೆರಿಕ, ಕೆನಡಾಗಳಲ್ಲಿ 120 ವೋಲ್ಟ್, 60 ಹರ್ಟ್ಜ್. ಊರಿನ ಗ್ರೈಂಡರನ್ನು ಕೊಂಡೊಯ್ದು ಟ್ರಾನ್ಸ್‌ಫಾರ್ಮರ್ ಹಾಕಿದರಾಯಿತು ಎಂದು ಹೇಳುವವರು ವೋಲ್ಟೇಜನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಏರಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. ಗ್ರೈಂಡರಿನಲ್ಲಿರುವುದು ಇಂಡಕ್ಷನ್ ಮೋಟಾರ್, ಅದರ ವೇಗ ಹರ್ಟ್ಜಿಗೆ ಕಟ್ಟುಬಿದ್ದದ್ದು. 50ರ ಬದಲು 60 ಸಿಕ್ಕಿದರೆ ಡ್ರಮ್ ಸುಮಾರು ಶೇಕಡ 20ರಷ್ಟು ಜೋರಾಗಿ ತಿರುಗುತ್ತದೆ, ಬೆಲ್ಟ್ ಮತ್ತು ಬುಷ್ (ಕಲ್ಲಿನ ನಡುವೆ ಕೂರಿಸಿದ ಪ್ಲಾಸ್ಟಿಕ್ ಬಳೆ) ಬೇಗ ಸವೆಯುತ್ತವೆ, ಹಿಟ್ಟು ಅಂಚಿಗೆ ಎರಚುತ್ತದೆ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟ್ ಮಾಮೂಲಿಗಿಂತ ಹಲವು ಪಟ್ಟು ಇರುವುದರಿಂದ 150 ವ್ಯಾಟಿನ ಯಂತ್ರಕ್ಕೆ 150 ವ್ಯಾಟಿನ ಟ್ರಾನ್ಸ್‌ಫಾರ್ಮರ್ ಸಾಲದು, ಕನಿಷ್ಠ ಮೂರು ಪಟ್ಟಿನದು ಬೇಕು. ಅದರ ತೂಕ, ಬಿಸಿ, ಗುಂಯ್ ಸದ್ದು ಬೇರೆ. ಹಾಗಾಗಿ ಅಮೆರಿಕಕ್ಕೆ ಹೋಗುವವರು 110 ವೋಲ್ಟ್ (ಅಲ್ಲಿನ 120 ವೋಲ್ಟಿಗೆ ರೂಢಿಯ ಹೆಸರು), 60 ಹರ್ಟ್ಜ್ ಎಂದು ತಳದ ಚೀಟಿಯಲ್ಲಿ ಬರೆದಿರುವ ಮಾದರಿಯನ್ನೇ ಕೊಳ್ಳಬೇಕು. ಬಿಲ್ಲಿನಲ್ಲೋ ಪೆಟ್ಟಿಗೆಯ ಮೇಲೋ ಬರೆದಿದ್ದರೆ ಸಾಲದು, ಯಂತ್ರದ ತಳದಲ್ಲಿಯೇ ನೋಡಿ.

ಬ್ರಿಟನ್, ಆಸ್ಟ್ರೇಲಿಯಾ, ಸಿಂಗಪುರ, ದುಬೈ, ಜರ್ಮನಿಗಳಿಗೆ ಹೊರಟವರಿಗೆ ಈ ತಲೆನೋವಿಲ್ಲ. ಅಲ್ಲೆಲ್ಲ ಊರಿನಂತೆಯೇ 230 ವೋಲ್ಟ್ ಆಸುಪಾಸು, 50 ಹರ್ಟ್ಜ್. ಪ್ಲಗ್ ಮಾತ್ರ ಬದಲಿಸಬೇಕು.

ಅಮೆರಿಕದಲ್ಲಿ 110 ವೋಲ್ಟಿನಲ್ಲಿ ಸುಲಭವಾಗಿ ಸಿಗುವ ಹೆಸರುಗಳು ಕೊಯಮತ್ತೂರಿನ ಎಲ್ಗಿ ಅಲ್ಟ್ರಾ ಮತ್ತು ಚೆನ್ನೈನ ಪ್ರೀಮಿಯರ್. ಅಂದಹಾಗೆ ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ, ಆ ಊರಿನ ಸುತ್ತಲಿನ ಗ್ರಾನೈಟ್ ಈ ಕೆಲಸಕ್ಕೆ ಅಷ್ಟು ಹೊಂದುತ್ತದೆ. ಅಮೆರಿಕದ ಸಣ್ಣ ಚಾಕೊಲೇಟ್ ತಯಾರಕರಲ್ಲಿ ಅನೇಕರು ಕೋಕೋ ಬೀಜ ಅರೆಯಲು ಬಳಸುವುದೂ ಇದೇ ಯಂತ್ರದ ಮಾರ್ಪಡಿಸಿದ ರೂಪವನ್ನು.

ಬ್ರ್ಯಾಂಡಿಗಿಂತ ಮುಖ್ಯ ಅಳತೆ. ಕನ್ನಡಿಗರ ಮನೆಗಳಲ್ಲಿ ಇಡ್ಲಿಗೆ ಅಕ್ಕಿ ರುಬ್ಬುವುದಕ್ಕಿಂತ ಇಡ್ಲಿ ರವೆ ಬೆರೆಸುವುದೇ ರೂಢಿ. ಅಂದರೆ ಕಲ್ಲಿಗೆ ಬೀಳುವುದು ಉದ್ದು ಮಾತ್ರ. ಹಾಗಿದ್ದರೆ 1.25 ಲೀಟರಿನ ಸಣ್ಣ ಯಂತ್ರ ಮೂರು ನಾಲ್ಕು ಜನರ ಮನೆಗೆ ಸಾಕೇ ಸಾಕು. ಮುಕ್ಕಾಲು ಕಪ್ ಉದ್ದಿಗೆ ಒಂದೂವರೆ ಕಪ್ ರವೆ ಬೆರೆಸಿದರೆ ಇಪ್ಪತ್ತಕ್ಕೂ ಮೇಲ್ಪಟ್ಟು ಇಡ್ಲಿಯಾಗುತ್ತದೆ. ವಾರಕ್ಕಾಗುವಷ್ಟು ದೋಸೆ ಹಿಟ್ಟನ್ನು ಒಂದೇ ಸಲಕ್ಕೆ ರುಬ್ಬುವವರು, ನೆಂಟರಿಷ್ಟರಿಗೆ ಆಗಾಗ ಬಡಿಸುವವರು 2 ಲೀಟರಿನದನ್ನು ತೆಗೆದುಕೊಳ್ಳಲಿ. ಅದಕ್ಕಿಂತ ದೊಡ್ಡದು ಅಪಾರ್ಟ್‌ಮೆಂಟಿಗೆ ಬೇಡ. ದೊಡ್ಡ ಯಂತ್ರದಲ್ಲಿ ಅರ್ಧ ಕಪ್ ಉದ್ದು ಹಾಕಿದರೆ ಅದು ಕಲ್ಲಿಗೆ ಸಿಗದೆ ಅಂಚಿಗೆ ಹರಡಿಕೊಂಡು ಕೂರುತ್ತದೆ.

ಕಲ್ಲಿನ ಆಕಾರವನ್ನೂ ನೋಡಿ. ಡ್ರಮ್ಮಿನ ತಳದ ಕಲ್ಲು ತಿರುಗುತ್ತದೆ, ಮೇಲಿನ ಉರುಳುಗಲ್ಲುಗಳು ಅದರ ಮೇಲೆ ಹೊರಳುತ್ತವೆ. ತಳದ ಕಲ್ಲಿನ ಹೊರ ಅಂಚು ನಡುವಿಗಿಂತ ವೇಗವಾಗಿ ಚಲಿಸುವುದರಿಂದ, ಒಂದೇ ದಪ್ಪದ ಉರುಳೆ ಒಂದು ತುದಿಯಲ್ಲಿ ಹೊರಳುತ್ತ ಇನ್ನೊಂದು ತುದಿಯಲ್ಲಿ ಜಾರುತ್ತದೆ. ಅಲ್ಟ್ರಾದಲ್ಲಿರುವಂತಹ ಶಂಕುವಿನಾಕಾರದ ಕಲ್ಲು ಹೊರಗಡೆ ದಪ್ಪ, ಒಳಗಡೆ ಸಣ್ಣ. ಹೀಗಾಗಿ ಉದ್ದಕ್ಕೂ ಸಮನಾಗಿ ಹೊರಳುತ್ತದೆ, ಹಿಟ್ಟು ಕಡಿಮೆ ಬಿಸಿಯಾಗುತ್ತದೆ. ಉರುಳೆಯಾಕಾರದ ಕಲ್ಲಿನಲ್ಲಿಯೂ ಒಳ್ಳೆಯ ಹಿಟ್ಟು ಬರುತ್ತದೆ, ಸಮಯದ ಮೇಲೆ ಕಣ್ಣಿಟ್ಟಿರಬೇಕು ಅಷ್ಟೇ. ತೆಂಗಿನಕಾಯಿ ತುರಿಯುವ, ಹಿಟ್ಟು ನಾದುವ ಜೋಡಣೆಗಳಿಗಾಗಿ ಹೆಚ್ಚು ದುಡ್ಡು ಕೊಡುವುದು ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ತುರಿದ ಕಾಯಿ ಫ್ರೋಜನ್ ಪ್ಯಾಕೆಟ್ಟಿನಲ್ಲಿ ಚೆನ್ನಾಗಿಯೇ ಸಿಗುತ್ತದೆ.

ಯಂತ್ರ ಮನೆಗೆ ಬಂದ ದಿನವೇ ಡ್ರಮ್ ಕೂರಿಸಿ ಖಾಲಿಯಾಗಿ ಒಂದು ಕ್ಷಣ ತಿರುಗಿಸಿ ನೋಡಿ, ಕಲ್ಲು ಇಡಬೇಡಿ. ಡ್ರಮ್ ಓಲಾಡಿದರೆ ಸಾಗಣೆಯಲ್ಲಿ ತಗ್ಗು ಬಿದ್ದಿದೆ ಎಂದರ್ಥ, ಕೂಡಲೇ ಹಿಂದಿರುಗಿಸಿ. ಸರಿಯಿದ್ದರೆ ಕಲ್ಲುಗಳನ್ನು ಗಟ್ಟಿ ಬ್ರಷ್ಷಿನಿಂದ ತೊಳೆದು, ಎರಡು ಲೋಟ ನೀರು ಹಾಕಿ ಹತ್ತು ನಿಮಿಷ ನಡೆಸಿ ಚೆಲ್ಲಿ. ಆಮೇಲೆ ನೆನೆಸಿದ ಒಂದು ಹಿಡಿ ಅಗ್ಗದ ಅಕ್ಕಿ ಹಾಕಿ ರುಬ್ಬಿ, ಅದನ್ನೂ ಚೆಲ್ಲಿ. ಹಿಟ್ಟಿನಲ್ಲಿ ಬೂದು ಬಣ್ಣ ಕಾಣದಿರುವವರೆಗೆ ಇದನ್ನು ಮತ್ತೆ ಮಾಡಬೇಕು. ಕಲ್ಲು ಕೊರೆಯುವಾಗ ಉಳಿದ ಪುಡಿ ಅದು, ಹಲ್ಲಿಗೆ ಸಿಗುತ್ತದೆ. ನೀರಿಲ್ಲದೆ ಕಲ್ಲಿನ ಮೇಲೆ ಕಲ್ಲು ಯಾವತ್ತೂ ಓಡಿಸಬೇಡಿ.

ಇನ್ನು ರುಬ್ಬುವ ಕ್ರಮ. ಪ್ಯಾಕೆಟ್ಟಿನ ಮೇಲೆ ‘ಉರದ್ ಗೋಟಾ’ ಎಂದಿರುವುದೇ ನಮ್ಮ ಸಿಪ್ಪೆ ತೆಗೆದ ಇಡೀ ಉದ್ದು. ಒಡೆದ ಬೇಳೆಗಿಂತ ಅದು ಚೆನ್ನಾಗಿ ಉಬ್ಬುತ್ತದೆ. ಬಿಳಿಯಾಗಿ ಹೊಳೆಯುವುದನ್ನು ಆರಿಸಿ. ಹಳದಿಗೆ ತಿರುಗಿ ಮಂಕಾಗಿರುವುದು ಹಳೆಯ ದಾಸ್ತಾನು, ಎಂಥ ಕಲ್ಲಿನಲ್ಲಿ ರುಬ್ಬಿದರೂ ಏಳುವುದಿಲ್ಲ. ಒಂದು ಕಪ್ ಉದ್ದಿಗೆ ಅರ್ಧ ಚಮಚ ಮೆಂತ್ಯ ಸೇರಿಸಿ, ತೊಳೆದು, ಮೂರರಿಂದ ನಾಲ್ಕು ಗಂಟೆ ನೆನೆಸಿ. ರುಬ್ಬಲು ಅದೇ ನೆನೆಸಿದ ನೀರನ್ನು ಬಳಸಿ, ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದ್ದರೆ ಇನ್ನೂ ಒಳ್ಳೆಯದು.

ಮೊದಲು ಕಾಲು ಕಪ್ ನೀರು ಹಾಕಿ, ಯಂತ್ರವನ್ನು ಚಾಲೂ ಮಾಡಿ, ಆಮೇಲೆ ಉದ್ದನ್ನು ಹಿಡಿಹಿಡಿಯಾಗಿ ಬಿಡಿ. ಎಲ್ಲವನ್ನೂ ಸುರಿದು ಸ್ವಿಚ್ ಒತ್ತಿದರೆ ಕಲ್ಲು ಸಿಕ್ಕಿಕೊಳ್ಳುತ್ತದೆ, ಬೆಲ್ಟ್ ಜಾರುತ್ತದೆ. ಆಗಾಗ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತ ಹೋಗಿ. ಒಂದು ಕಪ್ ಉದ್ದಿಗೆ ಒಟ್ಟು ಒಂದೂವರೆಯಿಂದ ಎರಡು ಕಪ್ ನೀರು ಹಿಡಿಯುತ್ತದೆ. ನೀರನ್ನು ಒಟ್ಟಿಗೆ ಸುರಿದರೆ ಹಿಟ್ಟಿನೊಳಗೆ ಗಾಳಿ ನಿಲ್ಲುವುದಿಲ್ಲ. ಉದ್ದಿನ ಪ್ರೋಟೀನು ಮತ್ತು ಲೋಳೆ ಸೇರಿ ಗಾಳಿಯ ಗುಳ್ಳೆಗಳನ್ನು ಹಿಡಿದಿಡುವುದರಿಂದಲೇ ಇಡ್ಲಿ ಮೆತ್ತಗಾಗುವುದು. ಮಿಕ್ಸಿಯ ಬ್ಲೇಡು ಕಾಳನ್ನು ಕತ್ತರಿಸುತ್ತ ಬಿಸಿ ಮಾಡುತ್ತದೆ. ಕಲ್ಲು ನಿಧಾನವಾಗಿ ಅರೆಯುತ್ತ ಹಿಟ್ಟನ್ನು ಮಗುಚಿ ಮಗುಚಿ ಗಾಳಿ ಸೇರಿಸುತ್ತದೆ. ಇಪ್ಪತ್ತೈದರಿಂದ ಮೂವತ್ತು ನಿಮಿಷಕ್ಕೆ ಹಿಟ್ಟು ಬೆಣ್ಣೆಯಂತೆ ಹಗುರಾಗಿ ಡ್ರಮ್ಮಿನಲ್ಲಿ ಮೇಲೇರಿರುತ್ತದೆ. ಒಂದು ಲೋಟ ನೀರಿಗೆ ಚಿಟಿಕೆ ಹಿಟ್ಟು ಬಿಡಿ: ತೇಲಿದರೆ ಆಯಿತು, ಮುಳುಗಿದರೆ ಇನ್ನೈದು ನಿಮಿಷ. ನಲವತ್ತು ನಿಮಿಷ ದಾಟಿಸಬೇಡಿ, ಹಿಟ್ಟು ಬಿಸಿಯೇರಿ ಅಂಟಾಗುತ್ತದೆ.

ರವೆಯ ಇಡ್ಲಿಗೆ ಒಂದಕ್ಕೆ ಎರಡರ ಅಳತೆಯಲ್ಲಿ ಇಡ್ಲಿ ರವೆಯನ್ನು ಎರಡು ಮೂರು ನೀರಿನಲ್ಲಿ ತೊಳೆದು, ಅರ್ಧ ಗಂಟೆ ನೆನೆಸಿ, ಬಿಗಿಯಾಗಿ ಹಿಂಡಿ ಬೆರೆಸಿ. ಹಿಂಡದೆ ಬೆರೆಸಿದರೆ ಇಡ್ಲಿ ಚಪ್ಪಟೆ. ದೋಸೆಗೆ ಮೂರು ಕಪ್ ಅಕ್ಕಿ, ಒಂದು ಕಪ್ ಉದ್ದು, ಎರಡು ಚಮಚ ಕಡಲೆಬೇಳೆ, ಒಂದು ಚಮಚ ಮೆಂತ್ಯ, ಅರ್ಧ ಕಪ್ ಅವಲಕ್ಕಿ. ಕೆಂಪಗೆ ಗರಿಗರಿಯಾಗುವುದಕ್ಕೆ ಆ ಕಡಲೆಬೇಳೆ ಬೇಕು. ಉದ್ದನ್ನು ತೆಗೆದ ಮೇಲೆ ಡ್ರಮ್ ತೊಳೆಯದೆ ಅಕ್ಕಿ ಹಾಕಿ, ಹದಿನೈದು ಇಪ್ಪತ್ತು ನಿಮಿಷ ಸಾಕು. ಹಿಟ್ಟಿನ ಮಟ್ಟ ನಡುವಿನ ಕೊಳವೆಯ ಬಾಯಿಗಿಂತ ಎರಡು ಬೆರಳು ಕೆಳಗೇ ಇರಲಿ. ಉಕ್ಕಿದರೆ ಹಿಟ್ಟು ಆ ಕೊಳವೆಯ ಮೂಲಕ ಇಳಿದು ಒಳಗಿನ ಶಾಫ್ಟ್ ತುಕ್ಕು ಹಿಡಿಯುತ್ತದೆ. ಹಳೆಯ ಗ್ರೈಂಡರುಗಳು ಕಿರುಗುಟ್ಟುವುದಕ್ಕೆ ಇದೊಂದು ದೊಡ್ಡ ಕಾರಣ.

ಈಗ ಯಂತ್ರದ ಕೈಯಲ್ಲಿಲ್ಲದ ಭಾಗ. ಹಿಟ್ಟು ಹುದುಗು ಬರಲು 28ರಿಂದ 32 ಡಿಗ್ರಿ ಸೆಲ್ಸಿಯಸ್ ಬೇಕು. ಅಮೆರಿಕದ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗೂ 20 ಡಿಗ್ರಿ ಇರುವುದೇ ಹೆಚ್ಚು. ಹುದುಗು ಶುರುಮಾಡುವ ಲ್ಯೂಕೊನೊಸ್ಟಾಕ್ ಜಾತಿಯ ಬ್ಯಾಕ್ಟೀರಿಯಾ ಉದ್ದಿನ ಮೇಲೆಯೇ ಇರುತ್ತದೆ, ಹೊರಗಿನಿಂದ ಯೀಸ್ಟ್ ಹಾಕುವ ಅಗತ್ಯವಿಲ್ಲ, ಹಾಕಿದರೆ ಬ್ರೆಡ್ಡಿನ ವಾಸನೆ ಬರುತ್ತದೆ. ಬೆಚ್ಚಗಿನ ಜಾಗವೊಂದು ಸಿಕ್ಕರೆ ಸಾಕು. ಓವನ್ನಿನ ದೀಪ ಮಾತ್ರ ಹಾಕಿ ಒಳಗಿಟ್ಟರೆ ಹತ್ತು ಹನ್ನೆರಡು ಗಂಟೆಗೆ ಹಿಟ್ಟು ಏಳುತ್ತದೆ. ಆದರೆ ದೀಪ ಹಳೆಯ ಫಿಲಮೆಂಟ್ ಬಲ್ಬ್ ಆಗಿರಬೇಕು. ಹೊಸ ಓವನ್ನುಗಳ ಎಲ್‌ಇಡಿ ದೀಪ ಬೆಳಕು ಕೊಡುತ್ತದೆಯೇ ಹೊರತು ಶಾಖ ಕೊಡುವುದಿಲ್ಲ. ಅಂಥ ಕಡೆ ಪಾತ್ರೆಯ ಪಕ್ಕದಲ್ಲಿ ಕುದಿನೀರಿನ ಬೋಗುಣಿ ಇಟ್ಟು, ಮಲಗುವ ಮೊದಲು ಒಮ್ಮೆ ಬದಲಿಸಿ. ಓವನ್ ಬಾಗಿಲಿಗೆ ‘ಒಳಗೆ ಹಿಟ್ಟಿದೆ’ ಎಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ.

ಇನ್‌ಸ್ಟಂಟ್ ಪಾಟ್ ಎಂಬ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರಿನ ಯೋಗರ್ಟ್ ಮೋಡ್ ಬಳಸುವವರಿಗೆ ಒಂದು ಎಚ್ಚರಿಕೆ: ಅದರ ಮಾಮೂಲಿ ಶಾಖ ಮೊಸರಿಗೆ ಹೊಂದಿಸಿದ್ದು, 40 ಡಿಗ್ರಿ ದಾಟುತ್ತದೆ. ಹಿಟ್ಟು ಬೇಗ ಹುಳಿಯಾಗುತ್ತದೆ, ತಳ ಗಟ್ಟಿಯಾಗುತ್ತದೆ. ‘ಲೆಸ್’ ಎಂಬ ಕಡಿಮೆ ಶಾಖದ ಆಯ್ಕೆ ಇರುವ ಮಾದರಿಯಾದರೆ ಅದನ್ನೇ ಆರಿಸಿ. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಬಿಗಿ ಮುಚ್ಚಳದ ಬದಲು ಗಾಜಿನ ಮುಚ್ಚಳ ಹಾಕಿ. ಉಕ್ಕಿ ಬಂದ ಹಿಟ್ಟು ಒಣಗಿ ಮುಚ್ಚಳದ ವಾಲ್ವಿಗೆ ಅಂಟಿಕೊಂಡರೆ ತೆಗೆಯುವುದು ಕಷ್ಟ. ಉಪ್ಪು ಹುದುಗನ್ನು ನಿಧಾನ ಮಾಡುವುದರಿಂದ ಚಳಿಗಾಲದಲ್ಲಿ ಹಿಟ್ಟು ಎದ್ದ ಮೇಲೆಯೇ ಹಾಕುವುದು ಮೇಲು.

ತೊಳೆಯುವುದು ಅಷ್ಟೇನೂ ಕಷ್ಟವಲ್ಲ, ತಡ ಮಾಡಬಾರದು ಅಷ್ಟೇ. ಹಿಟ್ಟು ತೆಗೆದ ಕೂಡಲೇ ಎರಡು ಲೋಟ ನೀರು ಹಾಕಿ ಎರಡು ನಿಮಿಷ ತಿರುಗಿಸಿ. ಆ ನೀರನ್ನು ಹಿಟ್ಟಿಗೇ ಸೇರಿಸುವ ಆಸೆ ಬೇಡ, ಹದ ಕೆಡುತ್ತದೆ. ಕಲ್ಲನ್ನು ಡಿಶ್‌ವಾಷರಿಗೆ ಹಾಕಬೇಡಿ: ಸೋಪು ಕಲ್ಲಿನ ರಂಧ್ರಗಳಲ್ಲಿ ಉಳಿಯುತ್ತದೆ, ಬಿಸಿಗೆ ಪ್ಲಾಸ್ಟಿಕ್ ಬುಷ್ ಸೊಟ್ಟಗಾಗುತ್ತದೆ. ಪೂರ್ತಿ ಒಣಗಿಸದೆ ಮುಚ್ಚಳ ಹಾಕಿಟ್ಟರೆ ಮುಂದಿನ ವಾರ ಹುಳಿ ವಾಸನೆ ಎದುರುಗೊಳ್ಳುತ್ತದೆ.

ಸದ್ದು ಮಿಕ್ಸಿಗಿಂತ ಕಡಿಮೆ, ಆದರೆ ಅರ್ಧ ಗಂಟೆ ಎಡೆಬಿಡದೆ ಇರುತ್ತದೆ. ಅಮೆರಿಕದ ಮರದ ನೆಲದ ಅಪಾರ್ಟ್‌ಮೆಂಟುಗಳಲ್ಲಿ ನಡುಕ ಕೆಳಗಿನ ಮನೆಗೆ ಇಳಿಯುತ್ತದೆ. ದಪ್ಪ ರಬ್ಬರ್ ಚಾಪೆ ಹಾಸಿ ಹಗಲು ಹೊತ್ತಿನಲ್ಲಿ ರುಬ್ಬಿ.

ಯಾರಿಗೆ ಬೇಡ? ಹಂಚಿಕೊಂಡ ಮನೆಯಲ್ಲಿರುವ ವಿದ್ಯಾರ್ಥಿಗಳಿಗೆ, ತಿಂಗಳಿಗೊಮ್ಮೆ ಇಡ್ಲಿ ಮಾಡುವವರಿಗೆ ಖಂಡಿತ ಬೇಡ. 110 ವೋಲ್ಟಿನ ಮಿಕ್ಸಿಯಲ್ಲಿ ಐಸ್ ನೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ಉದ್ದು ರುಬ್ಬಿ ರವೆ ಬೆರೆಸಿದರೆ ಸಾಕಷ್ಟು ಒಳ್ಳೆಯ ಇಡ್ಲಿ ಬರುತ್ತದೆ. ಚಟ್ನಿ, ಹುಳಿಪುಡಿಗೆ ಮಿಕ್ಸಿ ಹೇಗೂ ಬೇಕು, ಗ್ರೈಂಡರಿನಲ್ಲಿ ಒಂದು ಬಟ್ಟಲು ಚಟ್ನಿ ಆಗುವುದಿಲ್ಲ. ಡಬ್ಬಿಯಲ್ಲಿ ಸಿಗುವ ಸಿದ್ಧ ಹಿಟ್ಟು ದೋಸೆಗೆ ನಡೆಯುತ್ತದೆ. ಇಡ್ಲಿಗೆ ಅಪರೂಪಕ್ಕೆ ಸರಿಹೋಗುತ್ತದೆ, ಏಕೆಂದರೆ ಅಂಗಡಿಗೆ ಬರುವಷ್ಟರಲ್ಲಿ ಅದರ ಗಾಳಿ ಇಳಿದಿರುತ್ತದೆ. ವಾರವಾರವೂ ಇಡ್ಲಿ ದೋಸೆ ಆಗುವ ಮನೆಗೆ ಮಾತ್ರ ಈ ಯಂತ್ರ ಕೊಟ್ಟ ದುಡ್ಡಿಗೆ ಪೂರಾ ನ್ಯಾಯ ಮಾಡುತ್ತದೆ.

ಭಾರತದ ವಾರಂಟಿ ಅಲ್ಲಿ ನಡೆಯುತ್ತದೆಂದು ನಂಬಬೇಡಿ. ಬೆಲ್ಟ್, ಬುಷ್, ಡ್ರಮ್ಮಿನ ಅಂಚು ಬಳಿಯುವ ವೈಪರ್, ಈ ಮೂರನ್ನು ಬಿಡಿಯಾಗಿ ಮಾರುವ ವ್ಯಾಪಾರಿಯಿಂದಲೇ ಕೊಳ್ಳಿ. ಸವೆಯುವುದು ಇವೇ.

ಊರಿಗೆ ಮರಳುವ ಕುಟುಂಬಗಳು 110 ವೋಲ್ಟಿನ ಯಂತ್ರವನ್ನು ಅಲ್ಲೇ ಮಾರಿ ಬರುವುದರಿಂದ ಸೆಕೆಂಡ್‌ಹ್ಯಾಂಡ್ ಸರಕು ಹೇರಳ, ಹೊಸತರ ಬದಲು ಅದನ್ನು ನೋಡುವುದು ಜಾಣತನ. ನೋಡಲು ಹೋಗುವಾಗ ಒಂದು ಹಿಡಿ ನೆನೆಸಿದ ಅಕ್ಕಿ ಜೊತೆಗಿರಲಿ. ಉರುಳುಗಲ್ಲನ್ನು ಬೆರಳಿನಿಂದ ತಿರುಗಿಸಿ: ಅಕ್ಷದಲ್ಲಿ ಅಲ್ಲಾಡಿದರೆ ಬುಷ್ ಸವೆದಿದೆ, ಅದು ಬದಲಿಸಬಹುದಾದದ್ದು. ಡ್ರಮ್ಮನ್ನು ಎತ್ತಿ ಕೆಳಗಿನ ಶಾಫ್ಟ್ ನೋಡಿ: ತುಕ್ಕು ಹಿಡಿದಿದ್ದರೆ ಬಿಟ್ಟುಬಿಡಿ. ತಳದ ಕಲ್ಲಿಗೂ ಸ್ಟೀಲಿಗೂ ನಡುವೆ ಕಪ್ಪು ಗೆರೆಯಿದ್ದು ಮುಗ್ಗಲು ವಾಸನೆ ಬಂದರೆ ಹಿಟ್ಟು ಅಡಿಗಿಳಿದು ಕೊಳೆತಿದೆ, ಅದನ್ನು ಶುಚಿ ಮಾಡಲು ಬರುವುದಿಲ್ಲ. ಕೊನೆಗೆ ಅಕ್ಕಿ ಹಾಕಿ ಹತ್ತು ನಿಮಿಷ ನಡೆಸಿ. ಮೋಟಾರಿನ ಬಳಿ ಸುಟ್ಟ ರಬ್ಬರಿನ ವಾಸನೆ ಬಂದರೆ ಬೆಲ್ಟ್ ಜಾರುತ್ತಿದೆ, ಅಷ್ಟಕ್ಕೆ ಬೆಲೆ ಇಳಿಸಿ ಕೇಳಬಹುದು. ವಾರ್ನಿಷ್ ಸುಟ್ಟಂಥ ಘಾಟು ಬಂದರೆ ವೈಂಡಿಂಗ್ (ಮೋಟಾರಿನೊಳಗಿನ ತಂತಿಯ ಸುರುಳಿ) ಹೋಗುತ್ತಿದೆ, ಪುಕ್ಕಟೆ ಕೊಟ್ಟರೂ ಬೇಡ.